ಸಂಜೆ ಏಳರ ಸಭೆಗೆ ದಾರಿ

ಕುಡಿತ ಬಿಡಿಸಲು ಒಳ್ಳೆಯ ಆಸ್ಪತ್ರೆ ಯಾವುದು ಎಂದು ಕೇಳುವವರು ಬಹಳ ಮಂದಿ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮುಂದೇನು ಎಂದು ಕೇಳುವವರು ಕಡಿಮೆ. ಆದರೆ ಪೇಚಾಟ ಶುರುವಾಗುವುದು ಆಗಲೇ. ವಾರ್ಡಿನಲ್ಲಿ ಕೆಲವು ವಾರ ಇದ್ದು, ಮಾತ್ರೆ ಚೀಟಿ ಹಿಡಿದು ಬಂದವರಿಗೆ ಬೆಳಗಿನ ಹೊತ್ತು ಹೇಗೋ ಕಳೆಯುತ್ತದೆ. ಕೆಲಸವಿರುತ್ತದೆ, ಮನೆಯವರ ಕಣ್ಗಾವಲಿರುತ್ತದೆ. ಸಂಜೆ ಆರೂವರೆ ದಾಟಿತೆಂದರೆ ಕಾಲು ತಾನಾಗಿ ಹಳೆಯ ವೈನ್ ಶಾಪಿನ ಬೀದಿಗೆ ತಿರುಗುತ್ತದೆ. ‘ಎಲ್ಲಿದೀಯ ಮಗಾ, ಸುಮ್ನೆ ಬಂದು ಕೂತ್ಕೊಂಡು ಹೋಗು’ ಎಂಬ ಫೋನ್ ಬರುವುದೂ ಆಗಲೇ. ಕುಡಿತ ಬಿಟ್ಟವರು ತಾವೇ ನಡೆಸಿಕೊಳ್ಳುವ ಸಭೆಗಳು ಹೆಚ್ಚಾಗಿ ಈ ಹೊತ್ತಿಗೇ ಇರುತ್ತವೆ. ದಿನದ ಅತಿ ಕಷ್ಟದ ಒಂದೂವರೆ ಗಂಟೆ ಅಲ್ಲಿ ಕಳೆದುಹೋಗುತ್ತದೆ ಎಂಬುದೇ ಅವುಗಳ ಮೊದಲ ಉಪಯೋಗ. ಉಳಿದದ್ದು ನಿಧಾನವಾಗಿ ಬರುತ್ತದೆ.

ಇಂಥ ಸಭೆಗಳಿಗೆ ಕಾಸಿಲ್ಲ, ಅರ್ಜಿಯಿಲ್ಲ, ಆಧಾರ್ ಕಾರ್ಡು ಬೇಕಿಲ್ಲ. ಆದರೂ ಹೋಗುವವರು ಕಡಿಮೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಐದೂಮುಕ್ಕಾಲು ಕೋಟಿಯಷ್ಟು ಮಂದಿಗೆ ಅದು ಸಮಸ್ಯೆಯಾಗಿ ಬೆಳೆದಿದೆ. ಮದ್ಯಕ್ಕೆ ಪೂರ್ತಿ ಕಟ್ಟುಬಿದ್ದವರಲ್ಲಿ ಯಾವುದಾದರೂ ಬಗೆಯ ಚಿಕಿತ್ಸೆ ಪಡೆದದ್ದು 38ರಲ್ಲಿ ಒಬ್ಬರು ಮಾತ್ರ. ಮಿಕ್ಕ 37 ಮಂದಿಯಲ್ಲಿ ಅನೇಕರಿಗೆ ನಾಚಿಕೆ ಅಡ್ಡ ಬರುತ್ತದೆ. ಇನ್ನು ಕೆಲವರಿಗೆ ಎಲ್ಲಿಗೆ ಹೋಗಬೇಕು ಎಂಬುದೇ ಗೊತ್ತಿರುವುದಿಲ್ಲ. ಈ ಲೇಖನ ಮುಖ್ಯವಾಗಿ ಈ ಎರಡನೆಯವರಿಗೆ.

ಮೊದಲು ಡಾಕ್ಟರ್

ಸಭೆಯ ವಿಷಯಕ್ಕೆ ಬರುವ ಮುಂಚೆ ಒಂದು ಎಚ್ಚರಿಕೆ. ಇದನ್ನು ಹಾರಿಸಿಕೊಂಡು ಓದಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು, ಅದರಲ್ಲೂ ಬೆಳಗ್ಗೆ ಎದ್ದೊಡನೆ ಒಂದಿಷ್ಟು ಬೇಕೇ ಬೇಕು ಅನ್ನುವವರು, ಹಟ ಮಾಡಿ ಒಂದೇ ಏಟಿಗೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಕೊನೆಯ ಗುಟುಕಾದ ಆರೆಂಟು ಗಂಟೆಯಲ್ಲಿ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕುತಪ್ಪಿದಂತಾಗುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಬಾಗಿಲಲ್ಲಿ ನಿಂತಂತೆ ಕಾಣುತ್ತದೆ, ಮನೆಯವರ ಗುರುತೇ ಹತ್ತುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕು ಎಂದುಕೊಂಡು ತಾಯಿತ ಕಟ್ಟಿಸಲು ಓಡುವುದುಂಟು. ಅದು ಗಾಳಿಯಲ್ಲ, ತುರ್ತು ಕಾಯಿಲೆ. 108ಕ್ಕೆ ಫೋನ್ ಮಾಡುವ ಹೊತ್ತು ಅದು. ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದವರು ಡಾಕ್ಟರ ಕಣ್ಗಾವಲಿನಲ್ಲೇ ಕುಡಿತ ಬಿಡಬೇಕು. ಆಸ್ಪತ್ರೆಯಲ್ಲಿ ನಡುಕ ತಡೆಯುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಹೋಗುತ್ತಾರೆ. ಮಿದುಳು ಕಾಯಲು ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡುತ್ತಾರೆ.

ಇದಕ್ಕೆಲ್ಲ ಬೆಂಗಳೂರಿಗೇ ಬರಬೇಕೆಂದಿಲ್ಲ. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ ನಿಜ, ಆದರೆ ಧಾರವಾಡದಲ್ಲೂ ಡಿಮ್ಹಾನ್ಸ್ ಇದೆ. ಅವು ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಸಭೆ ಎಲ್ಲಿದೆ?

ಕುಡಿತ ಬಿಟ್ಟವರ ಸಭೆ ಎಂದರೆ ಜಗತ್ತಿನ ಹೆಚ್ಚು ಕಡೆ ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಕರೆಯುವಂತೆ ಎಎ. ಇದರ ಹುಟ್ಟು 1935ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಏಕ್ರನ್ ಊರಿನಲ್ಲಿ. ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಕೆಲವು ತಿಂಗಳಿಂದ ಕುಡಿತ ಬಿಟ್ಟಿದ್ದ. ಏಕ್ರನ್‌ಗೆ ಹೋಗಿದ್ದಾಗ ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಲಾಬಿಯಲ್ಲಿ ನಿಂತಿದ್ದಾನೆ, ಪಕ್ಕದಲ್ಲೇ ಬಾರು. ಆತ ಮಾಡಿದ ಕೆಲಸವೆಂದರೆ ಊರಿನ ಚರ್ಚುಗಳಿಗೆ ಫೋನ್ ಮಾಡಿ, ನನ್ನ ಹಾಗೆ ಕುಡಿತದಿಂದ ಒದ್ದಾಡುತ್ತಿರುವವರು ಯಾರಾದರೂ ಇದ್ದರೆ ಮಾತಾಡಬೇಕು ಎಂದು ಕೇಳಿದ್ದು. ಸಿಕ್ಕಿದ್ದು ಡಾ. ಬಾಬ್ ಸ್ಮಿತ್ ಎಂಬ ಸರ್ಜನ್. ಹದಿನೈದು ನಿಮಿಷ ಕೂರುತ್ತೇನೆ ಎಂದು ಬಂದ ಆ ಡಾಕ್ಟರ್ ಗಂಟೆಗಟ್ಟಲೆ ಕೂತರು. ಬಿಲ್ ಆ ಡಾಕ್ಟರಿಗೆ ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿಕೊಂಡ, ಅಷ್ಟೇ. ಅದೇ ವರ್ಷದ ಜೂನ್ 10, ಡಾ. ಬಾಬ್ ಕೊನೆಯ ಸಲ ಕುಡಿದ ದಿನವನ್ನು, ಎಎ ತನ್ನ ಹುಟ್ಟುಹಬ್ಬವೆಂದು ಆಚರಿಸುತ್ತದೆ. ಭಾರತದಲ್ಲಿ ಇದು ಬೇರೂರಿದ್ದು 1957ರಲ್ಲಿ, ಮುಂಬೈಯಲ್ಲಿ.

ದೇಶದ ಎಎ ಗುಂಪುಗಳಿಗೆ ಮುಂಬೈಯ ಬೈಕುಲ್ಲಾದಲ್ಲಿ ಒಂದು ಸೇವಾ ಕಚೇರಿಯಿದೆ. ಅದರ ವೆಬ್‌ಸೈಟಿನಲ್ಲಿ ಊರುವಾರು ಸಭೆಗಳ ಪಟ್ಟಿ, ಸಹಾಯವಾಣಿಯ ನಂಬರು ಸಿಗುತ್ತವೆ. ಆದರೆ ಪಟ್ಟಿಯೊಂದನ್ನೇ ನಂಬಿ ಬಸ್ ಹತ್ತಬೇಡಿ. ಸಭೆಗಳು ಶಾಲೆಯ ಕೋಣೆ, ಚರ್ಚಿನ ಹಾಲ್, ಸಮುದಾಯ ಭವನಗಳಲ್ಲಿ ನಡೆಯುತ್ತವೆ. ಪರೀಕ್ಷೆ ಬಂದರೆ, ಭವನದಲ್ಲಿ ಮದುವೆಯಿದ್ದರೆ ಜಾಗ ಬದಲಾಗುತ್ತದೆ. ಹೋಗುವ ದಿನವೇ ಫೋನ್ ಮಾಡಿ, ಇವತ್ತು ಸಭೆ ಇದೆಯೇ, ಎಷ್ಟು ಹೊತ್ತಿಗೆ, ಕನ್ನಡದಲ್ಲಿಯೇ ಎಂದು ಕೇಳಿ. ಬೆಂಗಳೂರಿನಲ್ಲಿ ಒಂದೊಂದು ಗುಂಪಿನ ಮಾತು ಒಂದೊಂದು ಭಾಷೆಯಲ್ಲಿ ಸಾಗುತ್ತದೆ. ಅರ್ಥವಾಗದ ಭಾಷೆಯ ಸಭೆಯಲ್ಲಿ ಕೂತು ಬಂದು ‘ಇದು ನಮಗಲ್ಲ’ ಎಂದು ಕೈಬಿಟ್ಟರೆ ನಷ್ಟ ನಿಮಗೇ.

ಆ ಮೊದಲ ಫೋನ್ ಮಾಡಲು ಧೈರ್ಯ ಸಾಲದೆ ತಿಂಗಳುಗಟ್ಟಲೆ ನಂಬರು ಜೇಬಿನಲ್ಲಿಟ್ಟುಕೊಂಡು ತಿರುಗುವವರಿದ್ದಾರೆ. ಮಾತು ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

‘ಹಲೋ... ಇದು ಎಎನಾ ಸಾರ್?’

‘ಹೌದು ಹೇಳಿ. ನಿಮಗೋಸ್ಕರ ಕೇಳ್ತಿರೋದಾ, ಮನೇಲಿ ಬೇರೆ ಯಾರಿಗಾದ್ರೂನಾ?’

‘ನನಗೇ ಸಾರ್.’

‘ಫೋನ್ ಮಾಡಿದ್ದು ಒಳ್ಳೇದಾಯ್ತು. ನಾನೂ ಕುಡೀತಿದ್ದೋನೇ. ಇವತ್ತು ತಗೊಂಡಿದೀರಾ?’

‘ಬೆಳಗ್ಗೆ ಒಂದು ನೈಂಟಿ...’

‘ಇರ್ಲಿ ಬಿಡಿ. ಕೈ ನಡುಗುತ್ತಾ? ಫಿಟ್ಸ್ ಏನಾದ್ರೂ ಬಂದಿತ್ತಾ ಯಾವಾಗ್ಲಾದ್ರೂ?’

ಬೈಗುಳವಿಲ್ಲ, ಬುದ್ಧಿಮಾತಿಲ್ಲ. ಆ ಕಡೆ ಮಾತಾಡುವವರು ಸಂಬಳದ ನೌಕರರಲ್ಲ, ಅದೇ ದಾರಿ ನಡೆದು ಬಂದವರು. ಹಲವು ಕಡೆ ‘ಒಬ್ಬರೇ ಬರೋಕೆ ಮುಜುಗರ ಆದರೆ ಬಸ್ ಸ್ಟಾಪಿಗೆ ಬಂದು ಕರ್ಕೊಂಡು ಹೋಗ್ತೀವಿ’ ಎನ್ನುತ್ತಾರೆ. ಸಂಕೋಚ ಬೇಡ, ಒಪ್ಪಿಕೊಳ್ಳಿ.

ಎಎ ನಂಬರು ಸಿಗದಿದ್ದರೆ ಬೇರೆ ದಾರಿಗಳೂ ಇವೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸಿನ ಆರೋಗ್ಯಕ್ಕೆ ಸಂಬಂಧಿಸಿದ ಟೆಲಿ ಮಾನಸ್ 14416, ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಎರಡಕ್ಕೂ ದುಡ್ಡಿಲ್ಲ. ಹತ್ತಿರದ ಡಿ-ಅಡಿಕ್ಷನ್ ಸೆಂಟರಿನ ಆಪ್ತಸಮಾಲೋಚಕರನ್ನು ಕೇಳುವುದು ಇನ್ನೂ ಸುಲಭ. ಎಎ ಸದಸ್ಯರು ಆಸ್ಪತ್ರೆ, ಸೆಂಟರುಗಳಿಗೆ ಹೋಗಿ ಸಭೆ ನಡೆಸುವ ರೂಢಿ ಇರುವುದರಿಂದ ಊರಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಹಳ್ಳಿಗಳಲ್ಲಿ ಎಎ ಇಲ್ಲದಿರಬಹುದು. ಅಲ್ಲಿ ಸಿಗುವುದು ನವಜೀವನ ಸಮಿತಿ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರದ ಬ್ಯಾನರನ್ನು ಕರ್ನಾಟಕದವರು ಒಮ್ಮೆಯಾದರೂ ನೋಡಿರುತ್ತಾರೆ. ಶಿಬಿರ ಮುಗಿಸಿದ ಪಾನಮುಕ್ತರು ಆಮೇಲೂ ಸೇರುತ್ತಿರಲಿ ಎಂದು ಕಟ್ಟಿದ್ದೇ ಈ ಸಮಿತಿಗಳು. ನೂರು ದಿನ ದಾಟಿದವರಿಗೆ ಶತದಿನೋತ್ಸವ, ಗಾಂಧಿ ಜಯಂತಿಯ ಹೊತ್ತಿಗೆ ಪಾನಮುಕ್ತರ ಸಮಾವೇಶ, ಹೀಗೆ ಊರೆದುರಿಗೇ ಮೆಚ್ಚುಗೆ ಸಿಗುವಂಥ ವ್ಯವಸ್ಥೆ. ಎಎಯದು ಇದಕ್ಕೆ ತದ್ವಿರುದ್ಧ, ಅಲ್ಲಿ ಹೆಸರು ಹೊರಗೆ ಬರುವುದೇ ಇಲ್ಲ. ಹಾರ ಹಾಕಿಸಿಕೊಂಡು ಊರಿನ ಮುಂದೆ ಮಾತು ಕೊಟ್ಟರೆ ಕೆಲವರಿಗೆ ಬಲ ಬರುತ್ತದೆ. ಕೆಲವರಿಗೆ ಅದೇ ಭಾರವಾಗಿ, ಒಮ್ಮೆ ಜಾರಿದರೆ ಮುಖ ತೋರಿಸಲಾಗದೆ ಮತ್ತೆ ಬಾರಿನ ಮೂಲೆ ಸೇರುತ್ತಾರೆ. ನಿಮ್ಮ ಮನೆಯವರು ಯಾವ ಬಗೆಯ ಮನುಷ್ಯರು ಎಂಬುದು ನಿಮಗೇ ಗೊತ್ತು. ನನ್ನದೊಂದೇ ಮಾತು: ಶಿಬಿರಕ್ಕಷ್ಟೇ ಸೇರಿಸಿ ಸುಮ್ಮನಾಗಬೇಡಿ, ಆಮೇಲಿನ ಸಮಿತಿಯ ಸಭೆ ಎಂದು, ಯಾರ ಮನೆಯ ಹತ್ತಿರ ಎಂದು ಶಿಬಿರದಲ್ಲೇ ಕೇಳಿ ಬರೆದುಕೊಳ್ಳಿ.

ಒಳಗೆ ಏನು ನಡೆಯುತ್ತದೆ?

ಎಎ ಸಭೆಗಳಲ್ಲಿ ಎರಡು ಬಗೆ. ಓಪನ್ ಸಭೆಗೆ ಮನೆಯವರು, ವಿದ್ಯಾರ್ಥಿಗಳು, ಕುತೂಹಲಿಗಳು ಯಾರು ಬೇಕಾದರೂ ಹೋಗಬಹುದು. ಕ್ಲೋಸ್ಡ್ ಸಭೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಗಂಡನನ್ನು ಕರೆದುಕೊಂಡು ಹೋಗಿ ಬಾಗಿಲಲ್ಲೇ ನಿಲ್ಲಬೇಕಾಗಿ ಬಂದ ಹೆಂಡತಿಗೆ ಅವಮಾನವೆನಿಸದಿರಲಿ ಎಂದು ಇದನ್ನು ಮೊದಲೇ ಹೇಳಿದೆ.

ಕೋಣೆಯನ್ನು ಕಲ್ಪಿಸಿಕೊಳ್ಳಿ. ಪ್ಲಾಸ್ಟಿಕ್ ಕುರ್ಚಿಗಳು ಅಥವಾ ಮಕ್ಕಳ ಬೆಂಚು. ಗೋಡೆಗೆ ನೇತುಹಾಕಿದ ಬಟ್ಟೆಯ ಮೇಲೆ, ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳ ಬರಹ. ಎದುರಿಗೆ ಒಂದು ಮೇಜು, ಆ ದಿನ ಸಭೆ ನಡೆಸುವವರು ಅಲ್ಲಿ. ಮೂಲೆಯಲ್ಲಿ ಚಹಾದ ಫ್ಲಾಸ್ಕು. ಒಂದು ಕ್ಷಣ ಮೌನ, ಚಿಕ್ಕದೊಂದು ಪ್ರಾರ್ಥನೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮೊದಲ ಹೆಸರು ಹೇಳಿ, ‘ನಾನೊಬ್ಬ ಆಲ್ಕೋಹಾಲಿಕ್’ ಎಂದು ಶುರುಮಾಡುತ್ತಾರೆ. ಮುಂಚೆ ಏನಾಗಿತ್ತು, ಬಿಟ್ಟಿದ್ದು ಹೇಗೆ, ಈಗ ಹೇಗಿದೆ ಎಂಬುದಷ್ಟೇ ಮಾತು. ಇದಕ್ಕೆ ಷೇರಿಂಗ್ ಎನ್ನುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ‘ನೀನು ಹೀಗೆ ಮಾಡಬೇಕಿತ್ತು’ ಎನ್ನುವಂತಿಲ್ಲ. ನಮ್ಮಲ್ಲಿ ಯಾರಾದರೂ ಎರಡು ವಾಕ್ಯ ಹೇಳುವಷ್ಟರಲ್ಲಿ ನಾಲ್ಕು ಸಲಹೆ ಬೀಳುತ್ತವಲ್ಲ, ಹೊಸಬರಿಗೆ ಅಚ್ಚರಿಯಾಗುವುದು ಅದು ಇಲ್ಲಿ ಇಲ್ಲವಲ್ಲ ಎಂದೇ. ಎಂಟು ಹತ್ತು ಜನರ ಕಥೆ ಕೇಳುವಷ್ಟರಲ್ಲಿ, ಸ್ನಾನದ ಮನೆಯ ಗೀಸರ್ ಹಿಂದೆ ಬಾಟಲಿ ಬಚ್ಚಿಟ್ಟದ್ದು ತಾನೊಬ್ಬನೇ ಅಲ್ಲ ಎಂಬುದು ಖಾತ್ರಿಯಾಗಿರುತ್ತದೆ.

ನಿಮ್ಮ ಸರದಿ ಬಂದಾಗ ಮಾತಾಡಲೇಬೇಕೆಂದಿಲ್ಲ. ‘ಇವತ್ತು ಕೇಳ್ತೀನಿ’ ಎಂದರೆ ಸಾಕು. ಆಲ್ಕೋಹಾಲಿಕ್ ಎಂದು ಹೇಳಿಕೊಳ್ಳಲು ನಾಲಿಗೆ ಏಳದಿದ್ದರೆ ಹೆಸರಷ್ಟೇ ಹೇಳಿ. ಸದಸ್ಯರಾಗಲು ಇರುವ ಒಂದೇ ಷರತ್ತು ಕುಡಿತ ನಿಲ್ಲಿಸಬೇಕೆಂಬ ಆಸೆ. ಕುಡಿದು ಬಂದವರನ್ನೂ ಗಲಾಟೆ ಮಾಡದಿದ್ದರೆ ಸಾಮಾನ್ಯವಾಗಿ ಹೊರಗೆ ಕಳಿಸುವುದಿಲ್ಲ, ಆ ದಿನ ಸುಮ್ಮನೆ ಕೂತು ಕೇಳಿ ಎನ್ನುತ್ತಾರೆ.

ಕೊನೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ. ಬಾಡಿಗೆ, ಚಹಾ, ಕರಪತ್ರಗಳ ಖರ್ಚಿಗೆ ಸದಸ್ಯರು ಅದರಲ್ಲಿ ತಮಗೆ ತೋಚಿದಷ್ಟು ಹಾಕುತ್ತಾರೆ. ಹೊಸಬರು ಏನೂ ಹಾಕಬೇಕಿಲ್ಲ. ಹೊರಗಿನವರ ದೇಣಿಗೆಯನ್ನು ಎಎ ತೆಗೆದುಕೊಳ್ಳುವುದೇ ಇಲ್ಲ. ಊರ ಗಣ್ಯರ ಹೆಸರು ಕೆತ್ತಿದ ಫ್ಯಾನು ಅಲ್ಲಿ ಕಾಣದಿರುವುದು ಅದಕ್ಕೇ.

ದೇವರ ವಿಷಯ ಬಂದಾಗ ಕೆಲವರು ಹಿಂಜರಿಯುತ್ತಾರೆ. ಚರ್ಚಿನ ಕಾಂಪೌಂಡಿನೊಳಗೆ ಸಭೆ ಇದ್ದರಂತೂ ಮತಾಂತರದ ಅನುಮಾನ ಬರುತ್ತದೆ. ಕಡಿಮೆ ಬಾಡಿಗೆಗೆ ಹಾಲ್ ಸಿಗುವುದರಿಂದ ಅಲ್ಲಿ ಸೇರುತ್ತಾರೆ, ಅಷ್ಟೇ. ಎಎ ಯಾವ ಮತ, ಪಂಥ, ಪಕ್ಷಕ್ಕೂ ಸೇರಿದ್ದಲ್ಲ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಇದೆ ನಿಜ. ಆದರೆ ಅವರವರು ಅರಿತಂತೆ ಎಂಬ ಮಾತೂ ಜೊತೆಗಿದೆ. ಮನೆದೇವರನ್ನು ನೆನೆಯುವವರೂ, ಈ ಗುಂಪೇ ನನಗಿಂತ ದೊಡ್ಡ ಶಕ್ತಿ ಎನ್ನುವ ನಾಸ್ತಿಕರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅದೂ ಒಗ್ಗದಿದ್ದರೆ ದೇವರ ಪ್ರಸ್ತಾಪವೇ ಇಲ್ಲದ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಪದ್ಧತಿ ಇದೆ. ಅದರ ಆನ್‌ಲೈನ್ ಸಭೆಗಳಿಗೆ ಇಂಗ್ಲಿಷ್ ಬರಬೇಕು.

ಸಭೆ ಮುಗಿದ ಮೇಲೆ

ಸಭೆ ಮುಗಿದ ತಕ್ಷಣ ಚಪ್ಪಲಿ ಮೆಟ್ಟಿಕೊಂಡು ಹೊರಡುವುದು ಹೊಸಬರ ಅಭ್ಯಾಸ. ಯಾರಾದರೂ ಗುರುತು ಹಿಡಿದಾರೆಂಬ ಭಯ. ಆದರೆ ಇಡೀ ಸಭೆಯಲ್ಲಿ ಅತಿ ಮುಖ್ಯವಾದದ್ದು ಆಮೇಲಿನ ಹತ್ತು ನಿಮಿಷ ಎಂಬುದು ನನ್ನ ಅಭಿಪ್ರಾಯ. ಗೇಟಿನ ಬಳಿ ಲೋಟ ಹಿಡಿದು ನಿಂತಾಗಲೇ ಫೋನ್ ನಂಬರುಗಳು ಕೈಬದಲಾಗುವುದು, ‘ನಮ್ಮ ಏರಿಯಾದವರೇನ್ರೀ ನೀವು, ನಾಳೆ ನನ್ನ ಗಾಡಿಯಲ್ಲೇ ಬನ್ನಿ’ ಎಂಬ ಮಾತು ಬರುವುದು. ಕುಡಿಯಬೇಕೆಂಬ ತಹತಹ ಏಳುವುದು ಸಭೆಯ ಹೊತ್ತಿಗಷ್ಟೇ ಅಲ್ಲ, ಭಾನುವಾರ ಮಧ್ಯಾಹ್ನ ಬಿರಿಯಾನಿ ವಾಸನೆಗೆ, ಸಂಬಳ ಬಂದ ಮೆಸೇಜಿಗೆ, ಭಾವಮೈದುನನ ಮದುವೆಯ ಹಿಂದಿನ ರಾತ್ರಿ. ಆಗ ಕರೆ ಮಾಡಲು ನಾಲ್ಕು ನಂಬರು ಇರಬೇಕು. ಗ್ಲಾಸು ಎತ್ತುವ ಮುಂಚೆ ಮಾಡಬೇಕಾದ ಫೋನ್ ಅದು. ಬರೀ ನಂಬರು ಇಸ್ಕೊಂಡರೆ ಸಾಲದು, ಏನೂ ಕಷ್ಟವಿಲ್ಲದ ದಿನವೂ ಒಮ್ಮೆ ಮಾತಾಡಿ ರೂಢಿ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಲೇ ಎಂದು ಕೇಳಿದರೆ, ಅಲ್ಲಿ ನಿಮ್ಮ ನಂಬರೂ ಫೋಟೊವೂ ಎಲ್ಲರಿಗೆ ಕಾಣುತ್ತವೆ ಎಂಬುದು ನೆನಪಿರಲಿ. ಫೋಟೊ ಮರೆಮಾಡಿ ಸೇರಬಹುದು, ಬೇಡವೆಂದೂ ಹೇಳಬಹುದು.

ಕೆಲವು ವಾರ ಹೋದ ಮೇಲೆ ಒಬ್ಬ ಸ್ಪಾನ್ಸರ್ ಹುಡುಕಿಕೊಳ್ಳಿ. ಕೆಲವು ವರ್ಷಗಳಿಂದ ಕುಡಿಯದೆ ಇರುವ, ಹೆಜ್ಜೆಗಳನ್ನು ತಾವು ನಡೆದು ನಿಮ್ಮನ್ನೂ ನಡೆಸುವ ಹಿರಿಯ ಸದಸ್ಯರು ಅವರು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಎಂಬುದು ರೂಢಿ, ಅದು ಒಳ್ಳೆಯ ರೂಢಿಯೇ. ಸ್ಪಾನ್ಸರ್ ಸಾಲ ಕೇಳಿದರೆ, ಚೀಟಿಗೆ ಸೇರಿಸಲು ನೋಡಿದರೆ, ಡಾಕ್ಟರ್ ಕೊಟ್ಟ ಮಾತ್ರೆ ಬಿಡು ಎಂದರೆ ಅವರನ್ನು ಬಿಟ್ಟುಬಿಡಿ. ಖಿನ್ನತೆಗೋ ಫಿಟ್ಸ್‌ಗೋ ತೆಗೆದುಕೊಳ್ಳುತ್ತಿರುವ ಮಾತ್ರೆಯ ವಿಷಯ ಡಾಕ್ಟರಿಗೂ ನಿಮಗೂ ಬಿಟ್ಟದ್ದು, ಸಭೆಯಲ್ಲಿ ತೀರ್ಮಾನವಾಗುವಂಥದ್ದಲ್ಲ.

ಮೊದಲ ಸಭೆ ಬಹಳ ಮಂದಿಗೆ ಹಿಡಿಸುವುದಿಲ್ಲ. ಗುಂಪಿಗೊಂದು ಸ್ವಭಾವ ಇರುತ್ತದೆ. ಒಂದರಲ್ಲಿ ನಿವೃತ್ತರೇ ತುಂಬಿದ್ದರೆ ಇನ್ನೊಂದರಲ್ಲಿ ಆಟೊ ಓಡಿಸುವವರು, ಐಟಿ ಹುಡುಗರು. ಬೇರೆ ಬೇರೆ ಗುಂಪುಗಳ ಐದಾರು ಸಭೆಗಳಿಗೆ ಹೋಗಿ ನೋಡಿದ ಮೇಲೆ ಬೇಕೋ ಬೇಡವೋ ಹೇಳಿ. ತೊಂಬತ್ತು ದಿನದಲ್ಲಿ ತೊಂಬತ್ತು ಸಭೆ ಎಂದು ಹಳಬರು ಹೇಳುವುದುಂಟು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅದು ಎಲ್ಲರಿಗೂ ಆಗುವ ಮಾತಲ್ಲ. ಆಗದ ದಿನ ಆನ್‌ಲೈನ್ ಸಭೆ ಇದೆ. ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರೂ ಊರಿನ ಭಾಷೆಯ ಗುಂಪಿಗೆ ಹಾಗೆ ಬಂದು ಸೇರಬಹುದು. ಅಮೆರಿಕದಲ್ಲಿರುವವರಿಗೆ ಎಎಯದೇ ಮೀಟಿಂಗ್ ಗೈಡ್ ಆ್ಯಪ್ ಹತ್ತಿರದ ಸಭೆಯನ್ನು ನಕ್ಷೆಯಲ್ಲೇ ತೋರಿಸುತ್ತದೆ.

ಹೆಂಗಸರಿಗೆ ದಾರಿ ಇನ್ನಷ್ಟು ಕಿರಿದು. ಕುಡಿಯುವ ಗಂಡಸನ್ನು ನಮ್ಮ ಸಮಾಜ ಬೈದುಕೊಂಡೇ ಸಹಿಸುತ್ತದೆ, ಕುಡಿಯುವ ಹೆಣ್ಣಿಗೆ ಆ ರಿಯಾಯಿತಿಯೂ ಇಲ್ಲ. ಕೋಣೆ ತುಂಬ ಗಂಡಸರಿರುವ ಸಭೆಗೆ ಕಾಲಿಡುವುದೇ ಕಷ್ಟ. ಸಹಾಯವಾಣಿಗೆ ಫೋನ್ ಮಾಡಿದಾಗ ಮಹಿಳಾ ಸದಸ್ಯರ ಜೊತೆ ಮಾತಾಡಬೇಕೆಂದು ನೇರವಾಗಿ ಕೇಳಿ. ಹೆಂಗಸರದ್ದೇ ಆದ ಸಭೆಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಕ್ಯಾಮೆರಾ ಆಫ್ ಮಾಡಿ, ಬೇರೆ ಹೆಸರಿಟ್ಟು ಕೂತರೂ ಯಾರೂ ಆಕ್ಷೇಪಿಸುವುದಿಲ್ಲ.

ಇದೆಲ್ಲ ನಿಜಕ್ಕೂ ನಾಟುತ್ತದೆಯೇ ಎಂಬ ಪ್ರಶ್ನೆ ಸಹಜ. 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯಲ್ಲಿ 27 ಅಧ್ಯಯನಗಳ, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಸೋಸಿ ನೋಡಿದ್ದರು. ಎಎಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಪಡೆದವರು, ಬೇರೆ ಮಾನ್ಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕುಡಿತದಿಂದ ಪೂರ್ತಿ ದೂರ ಉಳಿದಿದ್ದರು. ಇಲ್ಲಿ ಜೋಡಿಸುವುದು ಎಂಬುದನ್ನು ಗಮನಿಸಿ. ಚೀಟಿಯ ಹಿಂದೆ ಒಂದು ವಿಳಾಸ ಗೀಚಿ ಕೊಡುವುದಲ್ಲ. ರೋಗಿಯನ್ನು ಸಭೆಗೆ ಸಜ್ಜುಮಾಡಿ, ಹೋದೆಯಾ, ಯಾರು ಸಿಕ್ಕರು ಎಂದು ಬೆನ್ನುಹತ್ತಿ ವಿಚಾರಿಸುವುದು. ನಿಮ್ಮ ಡಾಕ್ಟರ್ ಇಷ್ಟು ಮಾಡದಿದ್ದರೆ ಮನೆಯವರಲ್ಲಿ ಒಬ್ಬರು ಮಾಡಬಹುದು, ಪೊಲೀಸ್ ವಿಚಾರಣೆಯಂತಾಗದೆ.

ಮನೆಯವರ ಮಾತು ಬಂತು. ಕುಡಿಯುವವರ ಹೆಂಡತಿ, ಗಂಡ, ತಾಯಿ, ಮಕ್ಕಳಿಗೂ ಅವರದೇ ಸಭೆಗಳಿವೆ. 1951ರಲ್ಲಿ ಬಿಲ್ ವಿಲ್ಸನ್‌ನ ಹೆಂಡತಿ ಲೋಯಿಸ್ ಮತ್ತೊಬ್ಬಾಕೆಯ ಜೊತೆ ಸೇರಿ ಕಟ್ಟಿದ ಅಲ್-ಅನಾನ್ ಅದು. ಹದಿಹರೆಯದ ಮಕ್ಕಳಿಗೆ ಅದರಲ್ಲೇ ಅಲಾಟೀನ್ ಎಂಬ ಶಾಖೆಯಿದೆ. ಕುಡಿಯುವವರು ಸಭೆಗೆ ಬರಲೊಲ್ಲೆ ಎಂದರೂ ನೀವು ಹೋಗಬಹುದು. ಬಾಟಲಿ ಹುಡುಕಿ ಸಿಂಕಿಗೆ ಸುರಿಯುವುದು, ಆಫೀಸಿಗೆ ಫೋನ್ ಮಾಡಿ ‘ಅವರಿಗೆ ಜ್ವರ’ ಎಂದು ಸುಳ್ಳು ಹೇಳುವುದು, ವೈನ್ ಶಾಪಿನ ಸಾಲ ತೀರಿಸುವುದು, ಇದರಲ್ಲೇ ಸವೆದವರು ಅಲ್ಲಿ ಸಿಗುತ್ತಾರೆ. ಇನ್ನೊಂದು, ಕೈಮುಗಿದು ಹೇಳಬೇಕಾದದ್ದು: ‘ಅವರಿಗೆ ಗೊತ್ತಾಗದಂತೆ ಸಾಂಬಾರಿನಲ್ಲಿ ಬೆರೆಸಿ’ ಎಂದು ಮಾರುವ ಪುಡಿ, ಮಾತ್ರೆಗಳನ್ನು ಮುಟ್ಟಬೇಡಿ. ಅಂಥವುಗಳಲ್ಲಿ ಇರಬಹುದಾದ ಡೈಸಲ್ಫಿರಾಮ್ ಎಂಬ ಕುಡಿತ ಬಿಡಿಸುವ ಔಷಧ ಒಳಗಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಡವಗುಟ್ಟಿ, ಬಿಪಿ ಕುಸಿದು ಪ್ರಾಣಕ್ಕೆ ಸಂಚಕಾರ ಬರಬಹುದು. ಅದು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಡಾಕ್ಟರ್ ಕೊಡುವ ಔಷಧ.

ಮತ್ತೆ ಕುಡಿದುಬಿಟ್ಟರೆ? ಸಭೆಯ ಮಾತಿನಲ್ಲಿ ಅದು ಸ್ಲಿಪ್. ಅಲ್ಲಿ ಕೂತ ಹಳಬರಲ್ಲಿ ಹಲವರು ಅದನ್ನು ದಾಟಿ ಬಂದವರೇ, ಹಾಗಾಗಿ ‘ಮತ್ತೆ ಶುರುಮಾಡಿದೀನಿ’ ಎಂದು ಹೇಳಿಕೊಂಡು ಕೂರಬಹುದು. ದಿನಗಳ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ, ಸದಸ್ಯತ್ವ ಹೋಗುವುದಿಲ್ಲ. ಒಂದು ಸಂಜೆ ಜಾರಿದ್ದರೆ ಮರುದಿನ ನೇರ ಸಭೆಗೇ ಹೋಗಿ. ವಾರಗಟ್ಟಲೆ ಕುಡಿದಿದ್ದರೆ ಮೇಲೆ ಹೇಳಿದ ನಡುಕ, ಫಿಟ್ಸ್‌ನ ಅಪಾಯ ಮತ್ತೆ ಎದುರಾಗುತ್ತದೆ, ಆದ್ದರಿಂದ ಮೊದಲು ಆಸ್ಪತ್ರೆ, ಆಮೇಲೆ ಸಭೆ. ಆಸ್ಪತ್ರೆಗೆ ಜೊತೆಗೆ ಬರುವಿರಾ ಎಂದು ಸ್ಪಾನ್ಸರ್‌ನ್ನು ಕೇಳಲು ಹಿಂಜರಿಯಬೇಡಿ.